ಕಾಡು ದೇಹವಲ್ಲ

ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಒಂದು ಏಣಿ ಇರುತ್ತದೆ. ಕೆಳಗೆ ಜೀವಕೋಶ, ಅದರ ಮೇಲೆ ಅಂಗಾಂಶ, ಅಂಗ, ಜೀವಿ. ಇನ್ನೂ ಮೇಲೆ ಜೀವಿಸಮುದಾಯ, ಪರಿಸರ ವ್ಯವಸ್ಥೆ, ತುದಿಯಲ್ಲಿ ಜೀವಗೋಳ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮೆಟ್ಟಿಲುಗಳೆಲ್ಲ ಒಂದೇ ಬಗೆಯವು ಎಂದು ಆ ಚಿತ್ರ ಸದ್ದಿಲ್ಲದೆ ನಂಬಿಸಿಬಿಡುತ್ತದೆ. ಕೋಶಗಳು ಸೇರಿ ದೇಹವಾದ ಹಾಗೆಯೇ ಮರ, ಹಕ್ಕಿ, ಅಣಬೆ ಸೇರಿ ಕಾಡೆಂಬ ಇನ್ನೂ ದೊಡ್ಡ ಜೀವ ಆಯಿತು ಎಂದು ಓದಿದವರಿಗೆ ಅನ್ನಿಸುತ್ತದೆ. ನನ್ನ ತಕರಾರು ಅಲ್ಲಿದೆ.

ಹಲವು ಸೇರಿ ಒಂದಾಗುವುದು ಪುಕ್ಕಟೆ ಕೆಲಸವಲ್ಲ. ಮಣ್ಣಿನಲ್ಲಿ ಬ್ಯಾಕ್ಟೀರಿಯ ತಿಂದು ಬದುಕುವ ಡಿಕ್ಟಿಯೋಸ್ಟೀಲಿಯಮ್ ಎಂಬ ಅಮೀಬಾವನ್ನೇ ನೋಡಿ. ಆಹಾರ ಇರುವತನಕ ಪ್ರತಿಯೊಂದೂ ಒಂಟಿ. ಹಸಿವು ಶುರುವಾದೊಡನೆ ಅವು ಒಂದು ರಾಸಾಯನಿಕವನ್ನು ಹೊರಬಿಡುತ್ತವೆ. ಅದರ ಜಾಡು ಹಿಡಿದು ಸಾವಿರಾರು ಅಮೀಬಾಗಳು ಒಂದೆಡೆ ಸೇರುತ್ತವೆ, ಆ ಮುದ್ದೆ ಒಂದೇ ಪ್ರಾಣಿಯಾಗಿ ತೆವಳುತ್ತದೆ. ಕೊನೆಗೆ ಸುಮಾರು ಐದರಲ್ಲೊಂದು ಪಾಲು ಸತ್ತು ಕಾಂಡವಾಗುತ್ತದೆ. ಉಳಿದವು ಅದರ ನೆತ್ತಿಯಲ್ಲಿ ಬೀಜಾಣುಗಳಾಗಿ ಕಾಯುತ್ತವೆ. ಸತ್ತವಕ್ಕೆ ಸಂತಾನವಿಲ್ಲ. ಇದರಲ್ಲಿ ಮೋಸವೂ ಉಂಟು: ಬೇರೆ ಬೇರೆ ವಂಶಗಳು ಬೆರೆತಾಗ, ಸಾಯುವ ಸರದಿಯನ್ನು ಪಕ್ಕದವರಿಗೆ ದಾಟಿಸಿ ಬೀಜಾಣುಗಳಲ್ಲಿ ಹೆಚ್ಚು ಪಾಲು ಹೊಡೆಯುವ ವಂಶಗಳಿವೆ.

ನಮ್ಮ ದೇಹದಲ್ಲಿ ಈ ಒಪ್ಪಂದ ಇನ್ನೂ ಬಿಗಿ. ಯಕೃತ್ತಿನ ಕೋಶ ಎಷ್ಟೇ ದುಡಿದರೂ ಮುಂದಿನ ಪೀಳಿಗೆಗೆ ದಾಟುವುದಿಲ್ಲ. ಆ ಹಕ್ಕು ಅಂಡಾಣು, ವೀರ್ಯಾಣುಗಳದ್ದು. ಎಲ್ಲವೂ ಒಂದೇ ಕೋಶ ಒಡೆದು ಬಂದವಾದ್ದರಿಂದ ಜಗಳಕ್ಕೆ ಕಾರಣ ಕಡಿಮೆ. ಆದರೂ ಕೆಲವು ಕೋಶಗಳು ಮಾತು ಮೀರಿ ತಮ್ಮಷ್ಟಕ್ಕೆ ಹೆಚ್ಚತೊಡಗುತ್ತವೆ. ಕ್ಯಾನ್ಸರ್ ಎಂದರೆ ಅದೇ. ಕೋಶದ ಒಳಗೂ ಹಳೆಯ ರಾಜಿಯೊಂದಿದೆ. ಮೈಟೊಕಾಂಡ್ರಿಯ ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯವಾಗಿತ್ತು ಎಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದಾಗ ನಂಬಿದವರು ಕಡಿಮೆ. ಈಗ ಅದು ಪಠ್ಯಪುಸ್ತಕದ ಮಾತು. ಅಂದರೆ, ಭಾಗಗಳು ಸ್ವಂತ ಸಂತಾನದ ಹಕ್ಕನ್ನು ಬಿಟ್ಟುಕೊಟ್ಟ ಅಥವಾ ಒಟ್ಟಿಗೆ ಕಟ್ಟಿಹಾಕಿದ ಕಡೆ ಮಾತ್ರ ‘ಒಂದು ಜೀವಿ’ ಎನ್ನುವುದಕ್ಕೆ ಅರ್ಥವಿದೆ.

ಇದೇ ಅಳತೆಯನ್ನು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹಿಡಿಯೋಣ. ಅಲ್ಲಿನ ಜೌಗಿನಲ್ಲಿ ರಾಮಪತ್ರೆ ಜಾತಿಯ ಮರಗಳು ಕೆಸರಿನಿಂದ ಬೇರುಗಳನ್ನು ಮಂಡಿ ಮಡಚಿ ಮೇಲೆತ್ತಿ ಉಸಿರಾಡುತ್ತವೆ. ಬೀಜ ಸುತ್ತಿದ ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ಅದನ್ನು ನುಂಗಿ, ಬೀಜವನ್ನು ಬೇರೆಲ್ಲೋ ಕಕ್ಕುತ್ತದೆ. ನೋಡುವವರಿಗೆ ಅಚ್ಚುಕಟ್ಟಾದ ಸಂಸಾರ. ಆದರೆ ಹಕ್ಕಿ ಕಾಡಿಗಾಗಿ ಏನನ್ನೂ ತ್ಯಾಗ ಮಾಡಿಲ್ಲ; ಅದಕ್ಕೆ ತನ್ನ ಹೊಟ್ಟೆ, ತನ್ನ ಮರಿ. ಮರವೂ ಹಕ್ಕಿಯ ಮೇಲಿನ ಕರುಣೆಯಿಂದ ಪತ್ರೆ ಬಿಟ್ಟದ್ದಲ್ಲ. ಕಾಡು ಇನ್ನೊಂದು ಕಾಡನ್ನು ಹೆರುವುದಿಲ್ಲ. ಹಾಗಾಗಿ ಒಟ್ಟು ಕಾಡಿನ ಹಿತಕ್ಕೆಂದು ಅದರ ಭಾಗಗಳನ್ನು ತಿದ್ದುವ ಶಕ್ತಿಯೂ ಅಲ್ಲಿಲ್ಲ. ಸಸ್ಯಸಮುದಾಯವೆಂದರೆ ಹುಟ್ಟಿ, ಬೆಳೆದು, ಪ್ರೌಢವಾಗುವ ಜೀವಿ ಎಂದು ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ ಹೇಳಿದ್ದರು. ಅದನ್ನು ಒಪ್ಪದ ಆರ್ಥರ್ ಟ್ಯಾನ್ಸ್‌ಲಿ 1935ರಲ್ಲಿ ಮಣ್ಣು, ಹವೆಗಳನ್ನೂ ಸೇರಿಸಿಕೊಂಡ ಪರಿಸರ ವ್ಯವಸ್ಥೆಯ ಕಲ್ಪನೆಯನ್ನು ಮುಂದಿಟ್ಟರು. ನಾನು ಟ್ಯಾನ್ಸ್‌ಲಿಯ ಕಡೆ.

ಗೆರೆ ಇಷ್ಟು ನೇರವಾಗಿದೆಯೇ ಎಂದು ಕೇಳಬಹುದು. ಇಲ್ಲ. ಅತ್ತಿಹಣ್ಣು ಬಿಚ್ಚಿದರೆ ಕಾಣುವ ಆ ಪುಟ್ಟ ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಮರಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೊಪಲಿಡಿಯಾ ಮಾರ್ಜಿನೇಟಾ ಕಣಜದ ಗೂಡು ಇನ್ನೂ ತೊಡಕಿನದು: ರಾಣಿ ಒಬ್ಬಳೇ ಮೊಟ್ಟೆಯಿಡುತ್ತಾಳೆ, ಆದರೆ ಅವಳು ಇಲ್ಲವಾದರೆ ದುಡಿಯುವವರಲ್ಲಿ ಒಬ್ಬಳು ರಾಣಿಯಾಗಬಲ್ಲಳು. ಅದು ದೇಹವೂ ಅಲ್ಲ, ಬರೀ ಗುಂಪೂ ಅಲ್ಲ. ಇಂಥ ನಡುವಣ ಸ್ಥಿತಿಗಳಿವೆ ಎಂದ ಮಾತ್ರಕ್ಕೆ ಕತ್ತಲೆಕಾನು ಅತ್ತಿ–ಕಣಜದ ಜೋಡಿಯಂತಾಗುವುದಿಲ್ಲ. ಅಲ್ಲಿ ಯಾರ ಹಣೆಬರಹವೂ ಎಲ್ಲರ ಹಣೆಬರಹಕ್ಕೆ ಅಷ್ಟು ಬಿಗಿಯಾಗಿ ಗಂಟು ಬಿದ್ದಿಲ್ಲ.

ಇದು ಬರೀ ತತ್ವದ ಜಗಳವಲ್ಲ. ಕಾಡನ್ನು ದೇಹವೆಂದುಕೊಂಡವರು ಗಾಯ ತಾನಾಗಿ ಮಾಯುತ್ತದೆ ಎಂದು ನಿಶ್ಚಿಂತರಾಗುತ್ತಾರೆ. ಇಲ್ಲವೇ ಅಂಗ ಕಸಿ ಮಾಡಿದ ಹಾಗೆ, ಇಲ್ಲಿ ಕಡಿದದ್ದಕ್ಕೆ ಅಲ್ಲಿ ಸಸಿ ನೆಟ್ಟು ಲೆಕ್ಕ ಚುಕ್ತಾ ಮಾಡುತ್ತಾರೆ. ಪರಿಹಾರಾತ್ಮಕ ಅರಣ್ಯೀಕರಣದ ನಿಧಿಗೆ 2016ರಲ್ಲಿ ಕಾಯ್ದೆಯೇ ಬಂತು. ಆದರೆ ಮಂಗಟ್ಟೆ ಹೋದರೆ ಅದರ ಕೆಲಸವನ್ನು ಇನ್ನೊಂದು ಹಕ್ಕಿ ಮಾಡಲೇಬೇಕೆಂಬ ಹಂಗು ಕಾಡಿನಲ್ಲಿ ಯಾರಿಗೂ ಇಲ್ಲ. ಆ ಜಾಗದಲ್ಲಿ ಲಂಟಾನ ಹಬ್ಬಿದರೆ ಅದೂ ಒಂದು ಪರಿಸರ ವ್ಯವಸ್ಥೆಯೇ. ಬಿಸಿಲು ಹಿಡಿಯುತ್ತದೆ, ಹೂ ಬಿಡುತ್ತದೆ, ಚಿಟ್ಟೆ ಬರುತ್ತವೆ. ಪ್ರಕೃತಿಗೆ ಅದರಿಂದ ನೋವಿಲ್ಲ. ಲಂಟಾನ ಬೇಡ, ರಾಮಪತ್ರೆ ಬೇಕು ಎನ್ನುವವರು ನಾವು. ಕಾರಣ ಕೊಡಬೇಕಾದವರೂ ನಾವೇ. ಕಾರಣಗಳಿಗೇನು ಬರವಿಲ್ಲ. ಹಿಂದೆ ಇಂಥ ಎಷ್ಟೋ ಜೌಗುಗಳನ್ನು ಗದ್ದೆ, ಅಡಿಕೆ ತೋಟ ಮಾಡಿದ್ದಾಗಿದೆ. ಉಳಿದ ಕೆಲವೇ ಜೌಗುಗಳು ಹಿಡಿದಿಡುವ ನೀರು ಬೇಸಿಗೆಯಲ್ಲೂ ಹಳ್ಳಗಳಲ್ಲಿ ಹರಿಯುತ್ತದೆ. ಅವುಗಳ ಮರಗಳು ಒಣನೆಲದ ನೆಡುತೋಪಿನಲ್ಲಿ ಬದುಕುವಂಥವಲ್ಲ.