ಮಂದೆಯಲ್ಲಿ ಬೆಳೆದ ನಾಯಿಮರಿ

ಪ್ರಿಯರೇ, ಯೋಬನು ತನ್ನ ಸಂಕಟದಲ್ಲಿ ಆಡಿದ ಮಾತುಗಳೊಳಗೆ ತನ್ನ ಮಂದೆಯನ್ನು ಕಾಯುತ್ತಿದ್ದ ನಾಯಿಗಳನ್ನು ಒಮ್ಮೆ ಹೆಸರಿಸುತ್ತಾನೆ. ಅದು ಅವನ ಗ್ರಂಥದ 30ನೆಯ ಅಧ್ಯಾಯದ ಮೊದಲನೆಯ ವಚನದಲ್ಲಿದೆ. ಸತ್ಯವೇದದಲ್ಲಿ ನಾಯಿಯ ಹೆಸರು ಬಂದಲ್ಲಿ ಬಹುಮಟ್ಟಿಗೆ ತಿರಸ್ಕಾರವೇ ಕೂಡಿಬರುವದರಿಂದ, ಆ ನಾಯಿಗಳಿಗೂ ಒಂದು ಕೆಲಸವಿತ್ತೆಂಬದನ್ನು ಗಮನಿಸದೆ ನಾವು ಮುಂದಕ್ಕೆ ಓದಿಬಿಡುತ್ತೇವೆ. ನಮ್ಮ ಹಿತ್ತಲಲ್ಲಿ ಇಪ್ಪತ್ತು ಕುರಿ, ಏಳೆಂಟು ಆಡುಗಳಿರುವ ಒಂದು ಚಿಕ್ಕ ರೊಪ್ಪವುಂಟು. ಅದರ ಕಾವಲಿಗೆಂದು ಒಂದು ಮರಿಯನ್ನು ತಂದು ಸಾಕಿದ ಮೇಲೆಯೇ ಆ ವಚನದ ಮುಂದೆ ನಾವು ನಿಂತದ್ದು.

ಮರಿಯನ್ನು ಕೊಟ್ಟವನು ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಒಬ್ಬ ಮುದಿ ಕುರುಬನು. ಎರಡು ತಿಂಗಳ ಕೂಸು ಅದು. ಕೊಡುವಾಗ ಅವನು, "ಯಜಮಾನರೇ, ಇದನ್ನು ಮನೆಯ ಬಾಗಿಲಲ್ಲಿ ಮಲಗಿಸಬೇಡಿರಿ. ಬಾಗಿಲಲ್ಲಿ ಮಲಗಿದ್ದು ಬಾಗಿಲನ್ನೇ ಕಾಯುತ್ತದೆ" ಎಂದನು. ಆ ಮಾತಿನ ತೂಕವು ನಮಗೆ ಆಗ ತಿಳಿಯಲಿಲ್ಲ.

ಚಾರ್ಲ್ಸ್ ಡಾರ್ವಿನನು 1833ರಲ್ಲಿ, ಇಂದು ಉರುಗ್ವೆ ಎನಿಸಿಕೊಳ್ಳುವ ದಕ್ಷಿಣ ಅಮೇರಿಕದ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ ಇದನ್ನೇ ಕಂಡನು. 1839ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅವನು ವಿವರಿಸುವದೇನಂದರೆ: ಅಲ್ಲಿಯವರು ನಾಯಿಮರಿಯನ್ನು ಎಳೆಯದಿರುವಾಗಲೇ ತಾಯಿಯಿಂದ ಅಗಲಿಸಿ, ದಿನಕ್ಕೆ ಮೂರು ನಾಲ್ಕು ಸಾರಿ ಹೆಣ್ಣುಕುರಿಯನ್ನು ಹಿಡಿದು ನಿಲ್ಲಿಸಿ ಅದಕ್ಕೆ ಮೊಲೆಯುಣಿಸುವರು, ದೊಡ್ಡಿಯಲ್ಲಿಯೇ ಉಣ್ಣೆಯ ಹಾಸಿಗೆ ಮಾಡುವರು, ಬೇರೆ ನಾಯಿಗಳ ಸಂಗಡವಾಗಲಿ ಮನೆಯ ಮಕ್ಕಳ ಸಂಗಡವಾಗಲಿ ಸೇರಗೊಡಿಸರು. ಹೀಗೆ ಬೆಳೆದ ನಾಯಿಯು ದಿನಕ್ಕೊಮ್ಮೆ ಮಾಂಸಕ್ಕಾಗಿ ಮನೆಗೆ ಬಂದಾಗ ನಾಚಿದ ಹಾಗೆ ತುಂಡನ್ನು ಕಚ್ಚಿಕೊಂಡು ಓಡುತ್ತಿತ್ತಂತೆ. ಮನೆನಾಯಿಗಳಲ್ಲಿ ಅತಿ ಚಿಕ್ಕದೂ ಅದನ್ನು ಅಟ್ಟುತ್ತಿತ್ತಂತೆ. ಆದರೆ ಮಂದೆಯನ್ನು ಮುಟ್ಟಿದ ಕ್ಷಣವೇ ಅದು ತಿರುಗಿ ನಿಂತು ಬೊಗಳಲು, ಅಟ್ಟಿ ಬಂದವುಗಳೆಲ್ಲಾ ಬಾಲ ಮುದುರಿ ಓಡುತ್ತಿದ್ದವು. ನಾಯಿ ಅದೇ; ನಿಂತ ಸ್ಥಳ ಬೇರೆ.

ನಾವು ಕುರಿಯ ಮೊಲೆ ಕುಡಿಸಲಿಲ್ಲ. ಮರಿಯು ಆಗಲೇ ಅಂಬಲಿ ನೆಕ್ಕುತ್ತಿತ್ತು. ಮಿಕ್ಕದ್ದನ್ನು ಕುರುಬನು ಹೇಳಿದಂತೆ ಮಾಡಿದೆವು. ನಾಯಿಮರಿಯು ಯಾರನ್ನು ತನ್ನವರೆಂದು ಎಣಿಸಬೇಕೆಂಬದು ಹೆಚ್ಚಾಗಿ ಅದರ 3ನೆಯ ವಾರದಿಂದ ಮೂರು ನಾಲ್ಕು ತಿಂಗಳಾಗುವದರೊಳಗೆ ಗೊತ್ತಾಗುವದು. ಆ ಬಾಗಿಲು ಮುಚ್ಚಿದ ಮೇಲೆ ಎಷ್ಟು ಕಲಿಸಿದರೂ ಅದು ಕುರಿಯನ್ನು ಕಂಡೀತು, ಕುರಿಯವನಾಗದು. ಅಮೇರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ರೇಮಂಡ್ ಕಾಪಿಂಜರ್, ಲೋರ್ನಾ ಕಾಪಿಂಜರ್ ಎಂಬ ದಂಪತಿಗಳು 1970ರ ದಶಕದ ಕೊನೆಯಿಂದ ಯೂರೋಪು ತುರ್ಕಿಗಳ ಮಂದೆನಾಯಿಗಳನ್ನು ರೈತರಿಗೆ ಕೊಟ್ಟು ಪರೀಕ್ಷಿಸಿ, ಒಳ್ಳೇ ಕಾವಲುನಾಯಿಗೆ ಮೂರು ಗುಣಗಳು ಬೇಕೆಂದರು: ಮಂದೆಯ ಮೇಲೆ ಗಮನ, ಮಂದೆಗೆ ಕೇಡು ಮಾಡದಿರುವ ನಂಬಿಕಸ್ತಿಕೆ, ಕೇಡಿನಿಂದ ಮಂದೆಯನ್ನು ಕಾಯುವ ಧೈರ್ಯ. ಧೈರ್ಯವನ್ನು ಕಂಡು ನಾವೆಲ್ಲರೂ ಹೊಗಳುತ್ತೇವೆ. ನಡುವಿನ ಗುಣವು ಬಹು ನಿಧಾನವಾಗಿ ಬರುವದು, ಅದರಲ್ಲಿಯೇ ನಾವು ಎಡವಿದೆವು.

ಮರಿಗೆ ಒಂಬತ್ತನೆಯ ತಿಂಗಳು. ಮೈಯಲ್ಲಿ ದೊಡ್ಡ ನಾಯಿ, ಬುದ್ಧಿಯಲ್ಲಿ ಕೂಸು. ಒಂದು ಮದುವೆಗಾಗಿ ಎರಡು ದಿನ ಊರು ಬಿಡಬೇಕಾದಾಗ, ಈದು ನಾಲ್ಕೇ ದಿನವಾಗಿದ್ದ ಆಡುಗಳ ನಡುವೆ ಅದನ್ನು ಬಿಟ್ಟು, ಕಾವಲಾಯಿತೆಂಬ ನೆಮ್ಮದಿಯಿಂದ ಹೊರಟೆವು. ತಿರುಗಿ ಬಂದಾಗ ಒಂದು ಆಡಿನ ಮರಿ ಸತ್ತು ಬಿದ್ದಿತ್ತು. ಅದರ ಕಿವಿಗಳು ಚೀಪಿ ಹರಿದಿದ್ದವು. ಮೈಮೇಲೆ ಬೇರೆ ಗಾಯವಿರಲಿಲ್ಲ. ಅದನ್ನು ನಾಯಿಯು ತಿಂದಿರಲಿಲ್ಲ, ಆಡಿಸಿ ಆಡಿಸಿ ಸುಸ್ತುಪಡಿಸಿತ್ತು. ಸತ್ತ ಮರಿಯ ಪಕ್ಕದಲ್ಲಿಯೇ ಮಲಗಿದ್ದು, ನಮ್ಮನ್ನು ಕಂಡು ಬಾಲವಾಡಿಸಿಕೊಂಡು ಬಂತು. ನಾವು ಹಗ್ಗವನ್ನು ಎತ್ತಿಕೊಂಡು ಚೆನ್ನಾಗಿ ಹೊಡೆದೆವು. ಇದನ್ನು ನಾವು ಮರೆಮಾಡುವದಿಲ್ಲ. ಯಾವ ತಪ್ಪಿಗೆಂದು ಅದಕ್ಕೆ ತಿಳಿಯುವ ಹೊತ್ತು ಎಂದೋ ಕಳೆದಿತ್ತು; ಅದು ಕಲಿತದ್ದು ರೊಪ್ಪದಲ್ಲಿದ್ದರೆ ಪೆಟ್ಟು ಬೀಳುವದೆಂಬದನ್ನು ಮಾತ್ರ. ಆರು ದಿನ ಅಡಿಗೆಮನೆಯ ಹಿಂದೆ ಕೂತಿತು.

ರಕ್ತದ ರುಚಿ ಕಂಡ ನಾಯಿಯನ್ನು ಇಟ್ಟುಕೊಳ್ಳಬಾರದೆಂದು ನೆರೆಯವರು ಅಂದರು. ಸಂತೆಯ ಆಚೆಗೆ ಬಿಟ್ಟುಬರಲು ಒಬ್ಬನು ಗಾಡಿಯನ್ನೂ ಕೊಡಲೊಪ್ಪಿದನು. ಆಗ ನಮ್ಮ ತಾಯಿಯವರು, "ಮರಿಯ ಹತ್ತಿರ ಮರಿಯನ್ನು ಬಿಟ್ಟು ಊಟಕ್ಕೆ ಹೋದವರು ಯಾರು?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಯಾಕೋಬನು ಲಾಬಾನನಿಗೆ ಕೊಟ್ಟ ಲೆಕ್ಕವನ್ನು ಆದಿಕಾಂಡದ 31ನೆಯ ಅಧ್ಯಾಯದಲ್ಲಿ ಓದಿರಿ. ಕಾಡುಮೃಗವು ಸೀಳಿದ್ದರ ನಷ್ಟವನ್ನು ಅವನು ತಾನೇ ತೆತ್ತನು. ಹಗಲಿನ ಬಿಸಿಲನ್ನೂ ಇರುಳಿನ ಚಳಿಯನ್ನೂ ತಾನೇ ತಾಳಿದನು. ಅವನ ಮಂದೆಯಲ್ಲಿ ನಾಯಿ ಇದ್ದಿತೋ ಇಲ್ಲವೋ, ಲೆಕ್ಕದಲ್ಲಿ ಮಾತ್ರ ಅವನ ಹೆಸರೇ ಇತ್ತು.

ಮತ್ತೆ ಮೊದಲಿನಿಂದ ಆರಂಭಿಸಿದೆವು. ತುಡುಗು ದನಕ್ಕೆ ಕಟ್ಟುವಂತೆ ಕೊರಳಿನಿಂದ ಒಂದು ಹಗುರವಾದ ಕೊರಡನ್ನು ಇಳಿಬಿಟ್ಟೆವು; ನಡೆಯಲು ಅಡ್ಡಿಯಿಲ್ಲ, ಓಡಿದರೆ ಮೊಣಕಾಲಿಗೆ ಬಡಿಯುವದು. ನಾವು ಎದುರಿಗಿದ್ದಾಗ ಮಾತ್ರ ಅದನ್ನು ಕಟ್ಟಿದೆವು, ಯಾಕಂದರೆ ಪೊದೆಗೆ ಸಿಕ್ಕಿಕೊಳ್ಳುವ ಭಯವಿತ್ತು. ಎಳೆಯ ಮರಿಗಳನ್ನು ತಟ್ಟಿಯ ಆಚೆಗಿಟ್ಟು, ನಾಯಿಯನ್ನು ಬೆಳೆದ ಕುರಿಗಳಲ್ಲಿಯೂ ಒಂದು ಹಳೆಯ ಟಗರಿನ ಸಂಗಡವೂ ಬಿಟ್ಟೆವು. ಆ ಟಗರು ನಮಗಿಂತ ಒಳ್ಳೇ ಉಪಾಧ್ಯಾಯನಾಗಿತ್ತು. ಕಿವಿ ಚೀಪಲು ಬಂದದ್ದಕ್ಕೆ ಆ ಕ್ಷಣದಲ್ಲಿಯೇ ಒಂದು ಗುದ್ದು ಕೊಟ್ಟು, ಮರುಕ್ಷಣವೇ ಮೇಯುವದಕ್ಕೆ ಹೋಗುತ್ತಿತ್ತು; ಸೇಡು ಇಟ್ಟುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ನಾವು ರೊಪ್ಪದಲ್ಲಿ ಸುಮ್ಮನೆ ಕೂತಿರುತ್ತಿದ್ದೆವು. ನಾಯಿ ಅಟ್ಟಲು ಎದ್ದರೆ ಆಗಲೇ ಒಂದು ಗದರಿಕೆ. ಮಲಗಿದರೆ ಏನೂ ಇಲ್ಲ. ಹದಿನೆಂಟು ತಿಂಗಳಾದ ಮೇಲೆ ನಮ್ಮ ಕಣ್ಣೆದುರಿನಲ್ಲಿ ಮರಿಗಳ ಹತ್ತಿರಕ್ಕೆ ಬಿಟ್ಟೆವು. ಇರುಳೆಲ್ಲಾ ಒಪ್ಪಿಸಿಕೊಟ್ಟದ್ದು ಎರಡು ವರುಷ ತುಂಬಿದ ಮೇಲೆ.

(ಮೂರನೆಯ ತಿಂಗಳಲ್ಲಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಪಶುವೈದ್ಯರು ಹೇಳಿದಂತೆ ಮುಂದುವರಿಸಬೇಕು. ಜಂತಿನ ಮದ್ದನ್ನೂ ಕೊಡಬೇಕು. ಕೊಯ್ದ ಕುರಿಯ ತಲೆಯನ್ನು ನಾಯಿಗೆ ಹಸಿಯಾಗಿ ಹಾಕಬಾರದು. ಕುರಿಯ ಮಿದುಳಲ್ಲಿ ಗುಳ್ಳೆಯಾಗಿ ಅದನ್ನು ಸುತ್ತುತಿರುಗಿಸಿ ಕೊಲ್ಲುವ ಹುಳವು ನಾಯಿಯ ಹೊಟ್ಟೆಯಿಂದಲೇ ಬರುವದು.)

ಪ್ರಿಯರೇ, ಹದಿನೈದು ವರುಷದ ಮಗನಿಗೆ ಮೀಸೆ ಚಿಗುರಿತೆಂದು ಹಣದ ಚೀಲವನ್ನು ಕೊಟ್ಟು ಒಬ್ಬನನ್ನೇ ಪೇಟೆಗೆ ಕಳುಹಿಸಿ, ಅವನು ತಪ್ಪಿದಾಗ ಊರೆಲ್ಲಾ ಕೇಳುವಂತೆ ಬೈಯುವ ತಂದೆಗಳನ್ನು ನಾವು ನೋಡಿದ್ದೇವೆ. ಆ ತಂದೆಗಳಲ್ಲಿ ನಾವೂ ಒಬ್ಬರು. ಕಲಿಸಿದ್ದೇವೆಂದು ನಾವು ಹೇಳಿಕೊಳ್ಳುವದರಲ್ಲಿ ಎಷ್ಟು ಭಾಗವು ಜೊತೆಯಲ್ಲಿ ಕೂತು ಕಲಿಸಿದ್ದು, ಎಷ್ಟು ಭಾಗವು ದೂರದಿಂದ ಕೂಗಿದ್ದು ಎಂದು ಒಂದು ಸಂಜೆ ಎಣಿಸಿ ನೋಡಿದೆವು. ಆ ಎಣಿಕೆಯು ಸುಖಕರವಾಗಿರಲಿಲ್ಲ.

ಈಗ ಇರುಳಲ್ಲಿ ಅದು ಬೊಗಳುತ್ತದೆ, ನೆರೆಯವರು ಗೊಣಗುತ್ತಾರೆ. ಯೆಶಾಯನು 56ನೆಯ ಅಧ್ಯಾಯದಲ್ಲಿ ಖಂಡಿಸುವದು ಬೊಗಳಲಾರದ ನಾಯಿಗಳಂತಿದ್ದ ಕಾವಲುಗಾರರನ್ನು ಎಂದು ನಾವು ಅವರಿಗೆ ಹೇಳಿದೆವು. ಅವರಿಗೆ ಅದರಿಂದ ನಿದ್ರೆ ಬರಲಿಲ್ಲವೆಂಬದೂ ನಿಜ. ಆದರೂ ಮಂದೆನಾಯಿಯ ಕೆಲಸವು ಬಹುಪಾಲು ಇದೇ. ತೋಳನನ್ನು ಕೊಲ್ಲುವದಲ್ಲ, ಇಲ್ಲಿ ಕಾವಲಿದೆಯೆಂದು ತಿಳಿಸುವದು. ಆಫ್ರಿಕದ ನಮೀಬಿಯದಲ್ಲಿ ರೈತರು ತಮ್ಮ ಆಡುಕುರಿಗಳಿಗಾಗಿ ಚೀತಾಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ಅಲ್ಲಿಯ ಚೀತಾ ಸಂರಕ್ಷಣಾ ನಿಧಿಯು 1994ರಿಂದ ತುರ್ಕಿ ತಳಿಯ ಕಾವಲುನಾಯಿಯ ಮರಿಗಳನ್ನು ಅವರಿಗೆ ಕೊಡುತ್ತಾ ಬಂದಿದೆ. ಮಂದೆ ಉಳಿದಲ್ಲಿ ಬಂದೂಕೂ ಗೋಡೆಗೆ ಸೇರುವದು. ನಮ್ಮ ಬಯಲುಸೀಮೆಯ ತೋಳನನ್ನು ಕೊಲ್ಲುವದು 1972ರ ಕಾಯಿದೆಯ ಪ್ರಕಾರ ಅಪರಾಧವಾಗಿದೆ. ಬೊಗಳುವ ನಾಯಿಯೊಂದಿದ್ದರೆ ಅವನೂ ಬದುಕಿ ತನ್ನ ದಾರಿ ಹಿಡಿದಾನು.

ಮರಿಯನ್ನು ಕಳೆದುಕೊಂಡ ಆ ಆಡು ಈಗಲೂ ನಮ್ಮಲ್ಲಿದೆ. ಈ ಸಾರಿ ಅದು ಎರಡು ಮರಿಗಳನ್ನು ಈದಿತು. ನಾಯಿಯು ಬಂದು ಹತ್ತು ಮಾರು ದೂರದಲ್ಲಿ ಮಲಗಿತು. ಅದು ತಲೆ ಎತ್ತಿದಾಗಲೆಲ್ಲಾ ಆಡು ಕೊಂಬು ತಗ್ಗಿಸಿ ನಿಲ್ಲುವದು. ನಾಯಿ ಪುನಃ ಮೂತಿಯನ್ನು ಮುಂಗಾಲಿನ ಮೇಲಿಟ್ಟು, ಮುಖವನ್ನು ಬೇಲಿಯ ಕಡೆಗೆ ತಿರುಗಿಸಿಕೊಳ್ಳುವದು.