ಮಗು ಯಾರ ಹತ್ರ ಇದೆ?

ಜಸಿಂಡಾ ಆರ್ಡರ್ನ್ ನ್ಯೂಜಿಲೆಂಡಿನ ಲೇಬರ್ ಪಕ್ಷದ ನಾಯಕಿ ಆಗಿದ್ದು 2017ರ ಆಗಸ್ಟ್ 1ಕ್ಕೆ. ಆಗ ಅವರಿಗೆ 37 ವರ್ಷ, ಮಕ್ಕಳಿರಲಿಲ್ಲ. ನಾಯಕಿಯಾಗಿ ಒಂದು ದಿನ ಕಳೆಯೋ ಮೊದಲೇ ಟೀವಿಯವರು ಕೇಳಿಬಿಟ್ಟರು: ಮಕ್ಕಳಾ, ರಾಜಕೀಯವಾ? ಮರುದಿನ ಬೆಳಿಗ್ಗೆ ಇನ್ನೊಂದು ಕಾರ್ಯಕ್ರಮದ ನಿರೂಪಕ, ಕೆಲಸ ಕೊಡೋರಿಗೆ ಇದನ್ನು ತಿಳ್ಕೊಳ್ಳೋ ಹಕ್ಕಿದೆ ಅಂತ ವಾದಿಸಿದ. ಆರ್ಡರ್ನ್ ಕೊಟ್ಟ ಉತ್ತರದ ಸಾರಾಂಶ ಇಷ್ಟು: ನಾನಾಗಿಯೇ ಈ ವಿಷಯ ಮಾತಾಡಿದವಳು, ನನ್ನನ್ನ ಕೇಳಿ, ಆದರೆ ಕೆಲಸಕ್ಕೆ ಬರೋ ಹೆಣ್ಣುಮಕ್ಕಳನ್ನ ಹೀಗೆ ಕೇಳೋದನ್ನ ಒಪ್ಪೋಕಾಗಲ್ಲ.

ಆ ವಿಡಿಯೋ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಈಗಲೂ ಅವರ ಪರವೇ. ಆದರೆ ಆ ಪ್ರಶ್ನೆಯನ್ನ ಕೇಳಲೇಬಾರದು ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಮಗು ಅಂದ ಮೇಲೆ ಅದು ಯಾರದಾದರೂ ಮಡಿಲಲ್ಲಿ ಇರಲೇಬೇಕು. ಯಾರ ಮಡಿಲು ಅಂತ ಕೇಳೋದನ್ನ ಬಿಟ್ಟರೆ ಅನುಕೂಲ ಆಗೋದು ಮಡಿಲು ಕೊಡದವರಿಗೆ.

ಆರ್ಡರ್ನ್ ಪ್ರಧಾನಿಯಾದರು. 2018ರ ಜೂನ್ 21ಕ್ಕೆ ಮಗಳು ಹುಟ್ಟಿದಳು. ಅಧಿಕಾರದಲ್ಲಿದ್ದಾಗ ಹೆತ್ತ ಸರ್ಕಾರದ ಮುಖ್ಯಸ್ಥೆ ಅಂತ ಅದಕ್ಕೂ ಮುಂಚೆ ಇದ್ದದ್ದು ಪಾಕಿಸ್ತಾನದ ಬೆನಜೀರ್ ಭುಟ್ಟೋ ಒಬ್ಬರೇ, 1990ರಲ್ಲಿ. ಬೆನಜೀರ್ ಗುಟ್ಟಾಗಿ ಆಸ್ಪತ್ರೆಗೆ ಹೋಗಿ ಹೆತ್ತು, ಮರುದಿನವೇ ಸರ್ಕಾರಿ ಕಡತ ಓದೋಕೆ ಕೂತವರು. ಆರ್ಡರ್ನ್ ಆರು ವಾರ ರಜೆ ತಗೊಂಡರು. ಉಪಪ್ರಧಾನಿ ವಿನ್‌ಸ್ಟನ್ ಪೀಟರ್ಸ್ ದೇಶ ನೋಡಿಕೊಂಡರು, ದೇಶ ಎಲ್ಲೂ ಹೋಗಲಿಲ್ಲ. ಮಗುವನ್ನ ನೋಡಿಕೊಳ್ಳೋಕೆ ಮನೇಲಿ ಉಳಿದದ್ದು ಅವರ ಸಂಗಾತಿ ಕ್ಲಾರ್ಕ್ ಗೇಫರ್ಡ್, ಟೀವಿಯಲ್ಲಿ ಮೀನು ಹಿಡಿಯೋ ಕಾರ್ಯಕ್ರಮ ಮಾಡ್ತಿದ್ದವರು. ಅದೇ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸಭಾಂಗಣದಲ್ಲಿ ಮೂರು ತಿಂಗಳ ಕೂಸಿನ ಫೋಟೋ ಜಗತ್ತಿಡೀ ಓಡಾಡಿತಲ್ಲ, ಅಮ್ಮ ವೇದಿಕೆ ಮೇಲೆ ಮಾತಾಡುವಾಗ ಕೂಸು ಇದ್ದದ್ದು ಅಪ್ಪನ ತೊಡೆ ಮೇಲೆ.

ಅಷ್ಟಿದ್ದೂ ಸಲೀಸಾಗಿರಲಿಲ್ಲ. ಆ ತಿಂಗಳ ಮೊದಲ ವಾರದಲ್ಲಿ ನೌರು ದ್ವೀಪದಲ್ಲಿ ಪೆಸಿಫಿಕ್ ದೇಶಗಳ ಸಭೆ ಇತ್ತು. ಮಗುವಿಗೆ ಹನ್ನೊಂದು ವಾರ, ಎದೆಹಾಲು ಕುಡಿಯೋ ಕೂಸು, ಅಲ್ಲಿಗೆ ಹೋಗಲು ಬೇಕಾದ ಲಸಿಕೆ ಹಾಕಿಸೋ ವಯಸ್ಸಲ್ಲ. ಪೂರ್ತಿ ಸಭೆಗೆ ಹೋದರೆ ಮಗುವನ್ನ ದಿನಗಟ್ಟಲೆ ಬಿಡಬೇಕು. ಹೋಗದಿದ್ದರೆ ನೆರೆಯ ಪುಟ್ಟ ದೇಶಗಳನ್ನ ಕಡೆಗಣಿಸಿದಂತೆ. ಅವರು ವಾಯುಪಡೆಯ ವಿಮಾನದಲ್ಲಿ ಪ್ರತ್ಯೇಕವಾಗಿ ಹೋಗಿ ಒಂದೇ ದಿನದಲ್ಲಿ ವಾಪಸ್ ಬಂದರು. ತಗೋ, ತೆರಿಗೆದಾರರ ದುಡ್ಡು ಅಂತ ಶುರುವಾಯ್ತು ಬೈಗುಳ.

ನನಗೆ ಇಲ್ಲೇ ಪ್ರಶ್ನೆ ಬಿಗಿಯಾಗೋದು. ಆ ವಿಮಾನದ ಖರ್ಚು ಸರಿಯೇ ತಪ್ಪೇ? ನನ್ನ ಲೆಕ್ಕದಲ್ಲಿ ಸರಿ. ಯಾಕಂದ್ರೆ ಆ ಒಂದು ಸಲ ತಾಯ್ತನದ ಖರ್ಚು ಬಿಲ್ಲಿನಲ್ಲಿ ಕಾಣಿಸಿತು. ಬಾಕಿ ಎಲ್ಲಾ ಸಲ ಆ ಖರ್ಚು ಇರುತ್ತೆ, ಯಾರೋ ಕೊಡ್ತಿರ್ತಾರೆ, ರಸೀದಿ ಮಾತ್ರ ಇರಲ್ಲ. ನಮ್ಮ ಕಡೆ ಸಂಸಾರ ತೂಗಿಸೋದು ಅಂತೀವಿ. ತೊಟ್ಟಿಲಿಗೂ ತೂಗೋದು ಅಂತಾನೇ. ಒಬ್ಬರು ಎರಡನ್ನೂ ತೂಗ್ತಿದ್ದಾರೆ ಅಂದ್ರೆ ತೊಟ್ಟಿಲ ಹಗ್ಗ ಇನ್ಯಾರದೋ ಕೈಲಿದೆ ಅಂತ ಅರ್ಥ.

ಪಕ್ಕದ ಮಹಾರಾಷ್ಟ್ರಕ್ಕೆ ಬನ್ನಿ. 2022ರ ಡಿಸೆಂಬರಿನಲ್ಲಿ ಶಾಸಕಿ ಸರೋಜ್ ಅಹಿರೆ ಎರಡೂವರೆ ತಿಂಗಳ ಮಗುವನ್ನ ಎತ್ಕೊಂಡು ನಾಗಪುರದ ಅಧಿವೇಶನಕ್ಕೆ ಬಂದರು. ಎಲ್ಲರೂ ಹೊಗಳಿದರು. ಮುಂದಿನ ಬಜೆಟ್ ಅಧಿವೇಶನಕ್ಕೆ ಮುಂಬೈಗೆ ಬಂದಾಗ, ಹಾಲೂಡಿಸೋ ಕೋಣೆ ಧೂಳು ಹಿಡಿದಿದೆ, ಸೌಕರ್ಯ ಇಲ್ಲ ಅಂತ ದೂರಬೇಕಾಯ್ತು. ಅಲ್ಲಿ ಅಂಥ ಕೋಣೆಗೆ ಹಿರಕಣಿ ಕಕ್ಷ ಅಂತಾರೆ. ಹಿರಕಣಿಯ ಕತೆ ಗೊತ್ತಿರಬಹುದು: ರಾಯಗಡ ಕೋಟೆಗೆ ಹಾಲು ಮಾರೋಕೆ ಹೋದವಳು, ಸಂಜೆ ಬಾಗಿಲು ಹಾಕಿದ ಮೇಲೆ ಕೆಳಗೆ ಮನೇಲಿದ್ದ ಹಸುಗೂಸಿಗಾಗಿ ಕಡಿದಾದ ಬಂಡೆ ಇಳಿದು ಹೋದಳು. ಶಿವಾಜಿ ಮಹಾರಾಜರು ಮೆಚ್ಚಿ ಅವಳ ಹೆಸರಲ್ಲಿ ಬುರುಜು ಕಟ್ಟಿಸಿದರಂತೆ. ಚೆಂದದ ಕತೆ. ಆದರೆ ಆ ಹೊತ್ತು ಬಾಗಿಲು ಮಾತ್ರ ತೆಗೀಲಿಲ್ಲ.

ನಮ್ಮ ಸಂವಿಧಾನದ 190ನೇ ವಿಧಿ ಪ್ರಕಾರ ಶಾಸಕರು ಅನುಮತಿ ಇಲ್ಲದೆ 60 ದಿನ ಕಲಾಪಕ್ಕೆ ಬರದಿದ್ದರೆ ಸದನ ಆ ಸ್ಥಾನವನ್ನ ಖಾಲಿ ಅಂತ ಘೋಷಿಸಬಹುದು. ನಮ್ಮಂಥ ಕಂಪನಿ ನೌಕರರಿಗೆ 2017ರ ತಿದ್ದುಪಡಿ ಆದ ಮೇಲೆ 26 ವಾರ ಹೆರಿಗೆ ರಜೆ ಇದೆ. ಅದನ್ನ ಪಾಸು ಮಾಡಿದ ಸಂಸತ್ತಿನ ಸದಸ್ಯೆಯರಿಗೆ ಅದು ಅನ್ವಯಿಸಲ್ಲ, ಅವರು ನೌಕರರಲ್ಲ ನೋಡಿ.

ನಮ್ಮೂರಿನ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರದ್ದು, ಕರ್ನಾಟಕದಲ್ಲೆಲ್ಲ ಹಾಗೇ. ಬೋರ್ಡಿನಲ್ಲಿ ಹೆಂಡತಿ ಹೆಸರು, ಕುರ್ಚಿಯಲ್ಲಿ ಗಂಡ ಅಂತ ಸಿಟಿಯವರು ನಗ್ತಾರೆ. ನಗೋ ವಿಷಯವೇ. ಆದರೆ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಆ ಹೊತ್ತಿಗೆ ಹಟ್ಟಿ, ಒಲೆ, ಕೂಸು ಮೂರನ್ನೂ ಯಾರಿಗೆ ಒಪ್ಪಿಸಿ ಬರಬೇಕು ಅಂತ ನಗೋರು ಕೇಳಲ್ಲ. ಸದಸ್ಯೆಯೊಬ್ಬರು ಒಮ್ಮೆ ನನಗೆ ಅಂದಿದ್ದರು, "ನಮ್ಮ ಯಜಮಾನ್ರು ದನ ನೋಡ್ಕೊಂಡ್ರೆ ಸಾಕು ಕಣವ್ವ, ಪಂಚಾಯ್ತಿ ನಾನೇ ನೋಡ್ಕೊಳ್ತೀನಿ. ಅವ್ರು ಪಂಚಾಯ್ತಿ ನೋಡ್ಕೊಳ್ಳೋಕೇ ಬರ್ತಾರೆ." ಸ್ತ್ರೀವಾದದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಇಷ್ಟು ಚಿಕ್ಕದು ಬೇರೆ ಇಲ್ಲ.

ನಾವು ಐಟಿಯವರೇನು ಕಮ್ಮಿ ಅಲ್ಲ. ಕೆಲಸ ಬದಲಿಸುವಾಗ ಒಂದು ಇಂಟರ್‌ವ್ಯೂನಲ್ಲಿ ನನ್ನನ್ನ "ಮಗು ನೋಡ್ಕೊಳ್ಳೋಕೆ ಮನೇಲಿ ಯಾರಿದ್ದಾರೆ?" ಅಂತ ಕೇಳಿದರು. ಅದೇ ತಿಂಗಳು ನನ್ನ ಗಂಡನೂ ಇಂಟರ್‌ವ್ಯೂ ಕೊಟ್ಟರು. ಅದೇ ಮಗುವಿನ ಅಪ್ಪ. ಅವರನ್ನ ಕೇಳಿದ್ದು ಕುಬರ್ನೆಟೀಸ್ ಬಗ್ಗೆ.

ನನ್ನನ್ನ ಕೇಳಿದ್ದಕ್ಕೆ ಉತ್ತರ ಇತ್ತು: ನನ್ನ ಅಮ್ಮ ಇದ್ದಾರೆ. ರಾತ್ರಿ ಒಂಬತ್ತಕ್ಕೆ ಅಮೆರಿಕದವರ ಜೊತೆ ನನ್ನ ಕಾಲ್ ಶುರುವಾದಾಗ ಮೂರು ವರ್ಷದ ಮಗಳು ಅವರ ಮಗ್ಗುಲಲ್ಲಿ ಕತೆ ಕೇಳ್ತಿರ್ತಾಳೆ. ಊರಲ್ಲಿ ಅಪ್ಪ ಒಬ್ಬರೇ ಅನ್ನ ಬೇಯಿಸ್ಕೊಂಡು ಉಣ್ತಾರೆ. ಅಮ್ಮ ದಿನಾ ಸಂಜೆ ಫೋನ್ ಮಾಡಿ ಮೊದಲು ವಿಚಾರಿಸೋದು ಹಸುವನ್ನ, ಆಮೇಲೆ ಅಪ್ಪನನ್ನ. ಆಫೀಸಲ್ಲಿ ನನ್ನನ್ನ, ಎರಡನ್ನೂ ಎಷ್ಟು ಚೆನ್ನಾಗಿ ಬ್ಯಾಲೆನ್ಸ್ ಮಾಡ್ತೀರಿ ಅಂತಾರೆ. ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಕೂತಿರೋ ಅಮ್ಮನಿಗೆ ಆ ಮಾತು ಯಾರೂ ಹೇಳಲ್ಲ. ಅಮ್ಮ ಸಂತೋಷವಾಗಿ ಬಂದವರು, ನಿಜ. ಆದರೆ ಬೇಡ ಅನ್ನೋ ಅವಕಾಶ ಇಲ್ಲದಿದ್ದಾಗ ಒಪ್ಪಿಗೆಗೆ ಎಷ್ಟು ತೂಕ ಅನ್ನೋದು ನನಗಿನ್ನೂ ಬಗೆಹರಿದಿಲ್ಲ. ಗೇಫರ್ಡ್‌ಗೆ ಬೇಡ ಅನ್ನೋ ಅವಕಾಶ ಇತ್ತು.

2023ರ ಜನವರಿಯಲ್ಲಿ ಆರ್ಡರ್ನ್ ರಾಜೀನಾಮೆ ಕೊಟ್ಟರು. ಮುಂದುವರಿಯೋಷ್ಟು ಕಸುವು ಉಳಿದಿಲ್ಲ ಅಂದರು. ಮಗಳು ಶಾಲೆಗೆ ಸೇರುವಾಗ ಜೊತೆಗಿರ್ತೀನಿ ಅಂತಲೂ ಹೇಳಿದರು. ಹೆಂಗಸರಿಗೆ ನಿಜಕ್ಕೂ ಎಲ್ಲಾ ಸಿಗೋಕೆ ಸಾಧ್ಯವೇ ಅನ್ನೋ ಅರ್ಥದ ಶೀರ್ಷಿಕೆ ಹಾಕಿದ ಬಿಬಿಸಿ, ಜನ ರೇಗಿದ ಮೇಲೆ ಅದನ್ನ ಬದಲಿಸಿತು. ಐದೂವರೆ ವರ್ಷ ಕಳೆದರೂ ಪ್ರಶ್ನೆ ಅದೇ, ಕೇಳಿದ್ದೂ ಅವರನ್ನೇ.

ನಮ್ಮ ವಿಧಾನಸಭೆಯಲ್ಲಿ 224 ಸೀಟು. 2023ರ ಮಹಿಳಾ ಮೀಸಲಾತಿ ತಿದ್ದುಪಡಿ ಜಾರಿಗೆ ಬಂದರೆ ಮೂರನೇ ಒಂದು ಭಾಗ ಹೆಂಗಸರದ್ದು. ಅಷ್ಟರವರೆಗೆ ಕಾಯೋದೇನೂ ಬೇಡ. ಈ ಸಲ ಅಭ್ಯರ್ಥಿ ಕೈ ಮುಗಿದು ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದಾಗ ಕೇಳೋಣ ಅಂತಿದ್ದೀನಿ. ಸರ್, ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟಿದ್ದೀರಿ, ಮಗು ಯಾರ ಹತ್ರ ಇದೆ? ಅವರನ್ನ ಕೇಳಿದ್ರಾ? ಅವರು ನಗಬಹುದು. ಪಕ್ಕದಲ್ಲಿ ಕರಪತ್ರ ಹಿಡ್ಕೊಂಡಿರೋ ಹುಡುಗರೂ ನಗ್ತಾರೆ. ನಗಲಿ, ಉತ್ತರ ಬರೋವರೆಗೂ ನಾನಂತೂ ಗೇಟಿನ ಹತ್ರಾನೇ ನಿಂತಿರ್ತೀನಿ.