ಕಟ್ಟಳೆಯೂ ಕರುಣೆಯೂ

ಸತ್ಯವೇದವು ನಮಗೆ ಎರಡು ಕಾರ್ಯಗಳನ್ನು ವಿಧಿಸುತ್ತದೆ. ಒಂದನೆಯದು, ನಮ್ಮ ಮೇಲಿರುವ ಅಧಿಕಾರಿಗಳಿಗೆ ಒಳಗಾಗಿ ನಡೆಯಬೇಕೆಂಬದು. ಎರಡನೆಯದು, ಪರದೇಶಸ್ಥನನ್ನು ಪ್ರೀತಿಸಬೇಕು, ಸೆರೆಯಲ್ಲಿರುವವನನ್ನು ನೋಡಲು ಹೋಗಬೇಕು ಎಂಬದು. ಸಾಧಾರಣವಾಗಿ ಇವೆರಡಕ್ಕೂ ಯಾವ ವಿರೋಧವೂ ಕಾಣುವದಿಲ್ಲ. ಕಂದಾಯವನ್ನು ಸಲ್ಲಿಸಿದ ಕೈಯೇ ಹಸಿದವನಿಗೆ ಗಂಜಿಯನ್ನೂ ಕೊಡಬಹುದು. ಆದರೆ ಪರದೇಶಸ್ಥನೇ ಸೆರೆಯವನಾಗಿದ್ದು, ಅವನನ್ನು ಸೆರೆಯಲ್ಲಿಟ್ಟವರು ಆ ಅಧಿಕಾರಿಗಳೇ ಆಗಿದ್ದರೆ, ಕ್ರೈಸ್ತನು ಏನು ಮಾಡತಕ್ಕದ್ದು? ಕಟ್ಟಳೆಯ ಪಕ್ಷವನ್ನು ಹಿಡಿದು ಸುಮ್ಮನಿರಬೇಕೋ? ಕರುಣೆಯ ಪಕ್ಷವನ್ನು ಹಿಡಿದು ಕಟ್ಟಳೆಯನ್ನು ಬದಿಗಿಡಬೇಕೋ?

ಇದು ದೂರದೇಶದವರ ಚಿಂತೆಯೆಂದು ಯಾರೂ ಎಣಿಸಬಾರದು. 2025ನೆಯ ಇಸವಿಯ ಫೆಬ್ರವರಿ 5ರಂದು ಅಮೇರಿಕದ ಒಂದು ಸೇನಾ ವಿಮಾನವು ನಮ್ಮ ದೇಶದವರಾದ 104 ಮಂದಿಯನ್ನು ಅಮೃತಸರಕ್ಕೆ ತಂದು ಇಳಿಸಿತು. ಅಪ್ಪಣೆಯ ಪತ್ರವಿಲ್ಲದೆ ಆ ದೇಶದಲ್ಲಿದ್ದರೆಂಬ ಕಾರಣದಿಂದ ಅವರನ್ನು ಹಿಂದಕ್ಕೆ ಕಳುಹಿಸಿದ್ದರು. ದಾರಿಯುದ್ದಕ್ಕೂ ತಮ್ಮ ಕೈಗಳಿಗೆ ಬೇಡಿಯೂ ಕಾಲುಗಳಿಗೆ ಸಂಕೋಲೆಯೂ ಇದ್ದವೆಂದು ಅವರು ಹೇಳಿದರು. ಅವರಲ್ಲಿ ಹಲವರು ಹೊಲವನ್ನು ಮಾರಿ, ಸಾಲಮಾಡಿ, ದಲಾಳಿಗಳ ಮಾತನ್ನು ನಂಬಿ ಹೊರಟವರಾಗಿದ್ದರು. ಇತ್ತ ನಮ್ಮ ರಾಜ್ಯದಲ್ಲಿಯೂ, ಪತ್ರವಿಲ್ಲದ ಪರದೇಶಿಗಳನ್ನು ಹೊರಗೆ ಕಳುಹಿಸುವ ತನಕ ಇಡುವದಕ್ಕಾಗಿ, ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸರಕಾರವು ಒಂದು ಕೇಂದ್ರವನ್ನು ಏರ್ಪಡಿಸಿತು. ಹೀಗಿರಲಾಗಿ ನಾವು ಕಟ್ಟಲ್ಪಟ್ಟವರ ನೆಂಟರೂ ಹೌದು, ಕಟ್ಟುವವರ ನಾಡಿನವರೂ ಹೌದು. ಆದದರಿಂದ ಈ ವಿಷಯವನ್ನು ಎರಡು ಕಡೆಯಿಂದಲೂ ನೋಡುವದು ನಮ್ಮ ಕರ್ತವ್ಯವಾಗಿದೆ.

ಮೊದಲು ಕಟ್ಟಳೆಯ ಪಕ್ಷವನ್ನು ನ್ಯಾಯವಾಗಿ ಕೇಳೋಣ. ನೆರೆಯವನ ಹೊಲದ ಗಡಿಕಲ್ಲನ್ನು ಕೀಳುವವನನ್ನು ಮೋಶೆಯ ಧರ್ಮಶಾಸ್ತ್ರವು ಖಂಡಿಸುತ್ತದೆ. ಯಾಕಂದರೆ ಗಡಿಯೇ ಇಲ್ಲದ ಊರಿನಲ್ಲಿ ಬಲವುಳ್ಳವನು ಹೊಲವನ್ನೆಲ್ಲಾ ಉಂಡುಬಿಡುವನು, ಬಡವನು ಬೀದಿಪಾಲಾಗುವನು. ದೇಶದ ಗಡಿಯೂ ಹಾಗೆಯೇ. ಯಾರು ಬಂದರು, ಯಾರು ಹೋದರು ಎಂದು ವಿಚಾರಿಸುವದು ಸರಕಾರದ ಕೆಲಸ. ಅದನ್ನು ನಡಿಸುವ ಅಧಿಕಾರಿಯು ಆ ಕಾರಣದಿಂದಲೇ ದುಷ್ಟನಾಗುವದಿಲ್ಲ. ಸುಳ್ಳು ಪತ್ರಗಳನ್ನು ಮಾಡಿಕೊಡುವವರನ್ನೂ, ಬಡವರಿಂದ ಹಣ ಕಿತ್ತುಕೊಂಡು ಅವರನ್ನು ಕಾಡಿನಲ್ಲಿಯೂ ಮರುಭೂಮಿಯಲ್ಲಿಯೂ ಬಿಟ್ಟುಬಿಡುವವರನ್ನೂ ತಡೆಯುವದಕ್ಕೆ ಕಟ್ಟಳೆ ಬೇಕೇ ಬೇಕು. ಕರುಣೆಯ ಹೆಸರಿನಲ್ಲಿ ಇದನ್ನೆಲ್ಲಾ ಅಲ್ಲಗಳೆಯುವವನು ಬಡವನಿಗೆ ಉಪಕಾರ ಮಾಡುವದಿಲ್ಲ.

ಆದರೂ ಕಟ್ಟಳೆಗೆ ತನ್ನದೇ ಆದ ಒಂದು ಮೇರೆಯುಂಟು. ಅದನ್ನು ಕಟ್ಟಳೆಯೇ ಒಪ್ಪಿಕೊಂಡದೆ. ಅಮೇರಿಕದಲ್ಲಿ 1892ನೆಯ ಇಸವಿಯಲ್ಲಿ ಆದ ಒಂದು ಕಾನೂನಿನ ಪ್ರಕಾರ, ಇರುವ ಹಕ್ಕಿಲ್ಲದ ಚೀನದೇಶಸ್ಥರನ್ನು ಮೊದಲು ಕಠಿಣ ಕೆಲಸದ ಸೆರೆವಾಸಕ್ಕೆ ಹಾಕಿ, ಆಮೇಲೆ ದೇಶದಿಂದ ಹೊರಡಿಸಬಹುದಾಗಿತ್ತು. ಡೆಟ್ರಾಯಿಟ್ ಪಟ್ಟಣದಲ್ಲಿ ವಾಂಗ್ ವಿಂಗ್ ಎಂಬವನಿಗೂ ಅವನ ಜೊತೆಯ ಮೂವರಿಗೂ ಹೀಗೆಯೇ 60 ದಿನಗಳ ಕಠಿಣ ಸೆರೆವಾಸವು ವಿಧಿಸಲ್ಪಟ್ಟಿತು. ಪಂಚರ ಮುಂದೆ ವಿಚಾರಣೆ ಆಗಲಿಲ್ಲ. ಆ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಲು, 1896ರಲ್ಲಿ ಬಂದ ತೀರ್ಪಿನ ಸಾರಾಂಶವೇನಂದರೆ: ಹೊರಗೆ ಕಳುಹಿಸುವ ತನಕ ಒಬ್ಬನನ್ನು ಹಿಡಿದಿಡಬಹುದು, ಆದರೆ ವಿಚಾರಣೆಯಿಲ್ಲದೆ ಅವನನ್ನು ಅಪರಾಧಿಯೆಂದು ಎಣಿಸಿ ಶಿಕ್ಷಿಸಕೂಡದು. ಆ ನ್ಯಾಯಾಧಿಪತಿಗಳು ಪರದೇಶಸ್ಥರ ಪಕ್ಷಪಾತಿಗಳಾಗಿರಲಿಲ್ಲ. ಹೊರಡಿಸುವ ಅಧಿಕಾರವನ್ನು ಅದೇ ತೀರ್ಪಿನಲ್ಲಿ ಎತ್ತಿಹಿಡಿದರು. ಆದಾಗ್ಯೂ ಹಿಡಿದಿಡುವದು ಬೇರೆ, ದಂಡಿಸುವದು ಬೇರೆ ಎಂಬ ಭೇದವನ್ನು ಅವರು ಬಿಟ್ಟುಕೊಡಲಿಲ್ಲ.

ಈ ಭೇದವು ಹಳ್ಳಿಯವರಿಗೆ ಹೊಸದಲ್ಲ. ಪೈರನ್ನು ಮೇದ ದನವನ್ನು ದೊಡ್ಡಿಗೆ ಹೊಡೆಯುವ ಪದ್ಧತಿಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ದಂಡ ಕಟ್ಟುವ ತನಕ ದನವು ಒಳಗಿರುವದು ನ್ಯಾಯವೇ. ಆದರೆ 1871ನೆಯ ಇಸವಿಯ ದನಗಳ ಕಾನೂನು ದೊಡ್ಡಿಯ ಕಾವಲುಗಾರನಿಗೆ ಎರಡು ಕೆಲಸಗಳನ್ನು ಹೊರಿಸಿತು: ಒಳಗೆ ಬಂದ ಪ್ರತಿಯೊಂದು ದನವನ್ನೂ ಪುಸ್ತಕದಲ್ಲಿ ಬರಕೊಳ್ಳಬೇಕು, ಅದಕ್ಕೆ ಮೇವು ನೀರನ್ನು ಕೊಡಬೇಕು. ದೊಡ್ಡಿಯಲ್ಲಿ ದನವು ಬಾಯಾರಿ ಸತ್ತರೆ, ಅದು ಪೈರನ್ನು ಮೇದಿತ್ತೆಂಬ ಮಾತು ಕಾವಲುಗಾರನಿಗೆ ಉತ್ತರವಾಗಲಾರದು. ಮೂಕ ಪಶುವಿನ ವಿಷಯದಲ್ಲಿಯೇ ಹೀಗಿದ್ದರೆ, ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟ ಮನುಷ್ಯನ ವಿಷಯದಲ್ಲಿ ಎಷ್ಟು ಹೆಚ್ಚಾಗಿ ಲೆಕ್ಕ ಕೊಡಬೇಕಾಗುವದು!

ಈ ಲೆಕ್ಕವು ತಪ್ಪಿದರೆ ಏನಾಗುತ್ತದೆಂಬದನ್ನು ಲೋಕವು 2018ರಲ್ಲಿ ಕಂಡಿತು. ಮೆಕ್ಸಿಕೋ ದೇಶದ ಗಡಿಯನ್ನು ಅಪ್ಪಣೆಯಿಲ್ಲದೆ ದಾಟಿದವರೆಲ್ಲರ ಮೇಲೆ ಅಪರಾಧದ ಮೊಕದ್ದಮೆ ಹೂಡಬೇಕೆಂದು ಅಮೇರಿಕದ ಸರಕಾರವು ಆಗ ನಿಶ್ಚಯಿಸಿತು. ತಂದೆತಾಯಿಗಳನ್ನು ಸೆರೆಗೆ ಒಯ್ದು, ಮಕ್ಕಳನ್ನು ಬೇರೆ ಕಡೆಗೆ ಕಳುಹಿಸಿದರು. ಕೆಲವು ವಾರಗಳೊಳಗೆ 2,000ಕ್ಕಿಂತ ಹೆಚ್ಚು ಮಕ್ಕಳು ಹೀಗೆ ಅಗಲಿಸಲ್ಪಟ್ಟರು. ದೇಶದ ಮುಖ್ಯ ಕಾನೂನು ಅಧಿಕಾರಿಯಾಗಿದ್ದ ಜೆಫ್ ಸೆಶನ್ಸ್ ಜೂನ್ 14ರಂದು ಮಾಡಿದ ಭಾಷಣದಲ್ಲಿ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಈ ಕಾರ್ಯಕ್ಕೆ ಆಧಾರವಾಗಿ ಎತ್ತಿ ಹೇಳಿದರು. ಅದಕ್ಕೆ ಅನೇಕ ಸಭೆಗಳವರು ಬಹಿರಂಗವಾಗಿ ಆಕ್ಷೇಪಣೆ ಮಾಡಿದರು. ಜೂನ್ 20ರಂದು ಅಧ್ಯಕ್ಷರು ಆ ಅಗಲಿಸುವಿಕೆಯನ್ನು ನಿಲ್ಲಿಸುವ ಅಪ್ಪಣೆಗೆ ಸಹಿಹಾಕಿದರು. 26ರಂದು ಒಬ್ಬ ನ್ಯಾಯಾಧಿಪತಿಯು ಮಕ್ಕಳನ್ನು ತಂದೆತಾಯಿಗಳ ಕೈಗೆ ತಿರಿಗಿ ಸೇರಿಸಬೇಕೆಂದು ಆಜ್ಞಾಪಿಸಿದರು. ಆದರೆ ಯಾವ ಮಗು ಯಾರದೆಂಬದಕ್ಕೆ ಸರಿಯಾದ ಪಟ್ಟಿಯನ್ನು ಇಟ್ಟಿರಲಿಲ್ಲವಾದದರಿಂದ ಆ ಕೆಲಸವು ಬಹಳ ಕಷ್ಟವಾಯಿತು. ದನದ ದೊಡ್ಡಿಗೆ ವಿಧಿಸಿದ್ದ ಪುಸ್ತಕವು ಮಕ್ಕಳಿಗೆ ಸಿಕ್ಕಲಿಲ್ಲ.

ಆ 13ನೆಯ ಅಧ್ಯಾಯವನ್ನು ನಾವೂ ತೆರೆದು ಓದೋಣ. ಅಧಿಕಾರವು ದೇವರಿಂದ ನೇಮಕವಾದದ್ದೆಂದು ಅಪೊಸ್ತಲನು ಹೇಳುವದು ನಿಜ. ಆದರೆ ಅದೇ ಅಧ್ಯಾಯದಲ್ಲಿ, ಕೆಲವು ವಚನಗಳನ್ನು ದಾಟುವದರೊಳಗೆ, ನೆರೆಯವನಿಗೆ ಕೇಡುಮಾಡದ ಪ್ರೀತಿಯೇ ಧರ್ಮಶಾಸ್ತ್ರದ ನೆರವೇರಿಕೆಯೆಂದೂ ಕಲಿಸುತ್ತಾನೆ. ಮೊದಲಿನ ಭಾಗವನ್ನು ಹಿಡಿದು ಕಡೆಯ ಭಾಗವನ್ನು ಬಿಡುವವನು ಪತ್ರವನ್ನು ಅರ್ಧಕ್ಕೆ ಹರಿದು ಓದಿದವನಂತಿದ್ದಾನೆ. ಅದಲ್ಲದೆ ಈ ಮಾತುಗಳನ್ನು ಬರೆದವನು ಸಿಂಹಾಸನದಲ್ಲಿ ಕೂತವನಲ್ಲ; ಫಿಲಿಪ್ಪಿ ಪಟ್ಟಣದಲ್ಲಿ ಬೆತ್ತದ ಪೆಟ್ಟುಗಳನ್ನು ತಿಂದು, ಕೋಳದಲ್ಲಿ ಕಾಲಿಟ್ಟು ರಾತ್ರಿಯನ್ನು ಕಳೆದವನು. ಅಧಿಕಾರವು ಎಷ್ಟು ಬೇಕಾದದ್ದೆಂದು ಅವನಿಗೆ ತಿಳಿದಿತ್ತು; ಅದು ಎಷ್ಟು ತಪ್ಪಬಲ್ಲದೆಂದು ಅವನ ಬೆನ್ನಿಗೆ ತಿಳಿದಿತ್ತು.

ಇನ್ನು ಕಠಿಣವಾದ ಪ್ರಶ್ನೆಗೆ ಬರೋಣ. ಸೆರೆಯವನಿಗೆ ಅನ್ನ ನೀರನ್ನು ಕೊಡುವದರಲ್ಲಿ ಯಾವ ಕಟ್ಟಳೆಯೂ ಮುರಿಯುವದಿಲ್ಲ. ಆದರೆ ಕಟ್ಟಳೆಯನ್ನು ನಡಿಸುವವರೇ ಅದನ್ನು ವಕ್ರಮಾಡಿ, ಒಬ್ಬನನ್ನು ಮರಣದ ಬಾಯಿಗೆ ಹಿಂದಕ್ಕೆ ಕಳುಹಿಸುವದಾದರೆ ಆಗ ಏನು? ಇದಕ್ಕೆ ಅರಿಜೋನ ಸಂಸ್ಥಾನದ ಟೂಸಾನ್ ಪಟ್ಟಣದ ಸಭೆಗಳ ವೃತ್ತಾಂತವು ವಿಚಾರಕ್ಕೆ ಯೋಗ್ಯವಾಗಿದೆ.

ಎಲ್ ಸಾಲ್ವಡೋರ್ ಎಂಬ ಸಣ್ಣ ದೇಶದಲ್ಲಿ 1980ರಿಂದ 1992ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನರು ಸತ್ತರು. ಅಲ್ಲಿಂದ ಓಡಿಬಂದವರ ಒಂದು ಗುಂಪಿನಲ್ಲಿ 13 ಮಂದಿ 1980ರ ಜುಲೈ ತಿಂಗಳಲ್ಲಿ ಅರಿಜೋನದ ಮರುಭೂಮಿಯಲ್ಲಿ ಬಿಸಿಲಿಗೂ ಬಾಯಾರಿಕೆಗೂ ಬಲಿಯಾದರು. ಬದುಕಿ ಉಳಿದವರಿಗೆ ಟೂಸಾನಿನ ಸಭೆಗಳು ಆಸರೆ ಕೊಟ್ಟವು. ಅದೇ 1980ರಲ್ಲಿ ಅಮೇರಿಕವು ನಿರಾಶ್ರಿತರ ಕಾನೂನನ್ನು ಮಾಡಿ, ತನ್ನ ದೇಶದಲ್ಲಿ ಹಿಂಸೆಗೆ ಹೆದರಿ ಓಡಿಬಂದವನು ಆಶ್ರಯವನ್ನು ಬೇಡಬಹುದೆಂದು ಮಾತುಕೊಟ್ಟಿತ್ತು. ಆದರೆ ಎಲ್ ಸಾಲ್ವಡೋರಿನ ಸರಕಾರಕ್ಕೆ ಅಮೇರಿಕವೇ ಆಯುಧ ಸಹಾಯವನ್ನು ಕೊಡುತ್ತಿದ್ದದರಿಂದ, ಅಲ್ಲಿಂದ ಓಡಿಬಂದವರನ್ನು ನಿರಾಶ್ರಿತರೆಂದು ಒಪ್ಪುವದಕ್ಕೆ ಅದಕ್ಕೆ ಮನಸ್ಸಿರಲಿಲ್ಲ. 1984ರಲ್ಲಿ ಅವರ ಬೇಡಿಕೆಗಳಲ್ಲಿ ನೂರಕ್ಕೆ ಮೂರು ಸಹ ಅಂಗೀಕಾರವಾಗಲಿಲ್ಲ. ಉಳಿದವರು ಕೂಲಿಗಾಗಿ ಬಂದವರೆಂದು ಹೇಳಿ ಅವರನ್ನು ಹಿಂದಕ್ಕೆ ಕಳುಹಿಸುತ್ತಿದ್ದರು.

ಟೂಸಾನಿನ ವಿಶ್ವಾಸಿಗಳು ಮೊದಲು ಕಟ್ಟಳೆಯ ಬಾಗಿಲನ್ನೇ ತಟ್ಟಿದರು. ಬಂಧನಾಲಯಗಳಿಗೆ ಹೋಗಿ ಸೆರೆಯವರನ್ನು ಕಂಡರು, ಅವರ ಬೇಡಿಕೆಯ ಪತ್ರಗಳನ್ನು ಬರೆಯಿಸಿದರು, ವಕೀಲರನ್ನು ಹುಡುಕಿದರು, ಜಾಮೀನಿನ ಹಣವನ್ನು ಕೂಡಿಸಿದರು. ಇಷ್ಟಾದರೂ ಹಿಂದಕ್ಕೆ ಕಳುಹಿಸುವದು ನಿಲ್ಲದಿರಲು, ಪ್ರೆಸ್ಬಿಟೇರಿಯನ್ ಪಂಗಡದ ಸೌತ್‌ಸೈಡ್ ಸಭೆಯವರು ಕೂಡಿ ಪ್ರಾರ್ಥಿಸಿ ಆಲೋಚಿಸಿ, ತಮ್ಮ ದೇವಾಲಯವನ್ನು ಆಶ್ರಯಸ್ಥಾನವೆಂದು 1982ರ ಮಾರ್ಚ್ 24ರಂದು ಎಲ್ಲರ ಮುಂದೆ ಪ್ರಕಟಿಸಿದರು. ಅವರ ಬೋಧಕರಾದ ಜಾನ್ ಫೈಫ್ ಎಂಬವರು ಅದರ ಹಿಂದಿನ ದಿನವೇ ಸರಕಾರದ ಮುಖ್ಯ ಕಾನೂನು ಅಧಿಕಾರಿಗೆ ಪತ್ರ ಬರೆದು, ತಾವು ಮಾಡಲಿರುವದನ್ನು ಮರೆಮಾಡದೆ ತಿಳಿಸಿದರು. ಈ ಕಾರ್ಯದಲ್ಲಿ ಅವರಿಗೆ ಜೊತೆಯಾಗಿದ್ದ ಜಿಮ್ ಕಾರ್ಬೆಟ್ ಎಂಬ ಕ್ವೇಕರ್ ಪಂಗಡದ ಪಶುಪಾಲಕರು, ಕಾನೂನನ್ನು ಮೀರುತ್ತಿರುವದು ಸರಕಾರವೇ ಹೊರತು ತಾವಲ್ಲವೆಂದೂ, ಬಿದ್ದುಹೋದ ಕಾನೂನನ್ನು ತಾವು ಎತ್ತಿ ನಿಲ್ಲಿಸುತ್ತಿದ್ದೇವೆಂದೂ ವಾದಿಸಿದರು.

ಸರಕಾರವು ಗೂಢಚಾರರನ್ನು ಸಭೆಯೊಳಗೆ ಕಳುಹಿಸಿ ಅವರ ಮಾತುಗಳನ್ನು ಗುಪ್ತವಾಗಿ ಯಂತ್ರದಲ್ಲಿ ಹಿಡಿಯಿಸಿತು. 1985ರಲ್ಲಿ ಮೊಕದ್ದಮೆಯನ್ನು ಹೂಡಿತು. ತಮ್ಮ ನಂಬಿಕೆಯನ್ನಾಗಲಿ ನಿರಾಶ್ರಿತರ ಕಾನೂನನ್ನಾಗಲಿ ತಮ್ಮ ಪಕ್ಷಕ್ಕೆ ಎತ್ತಿ ಹೇಳಲು ಪ್ರತಿವಾದಿಗಳಿಗೆ ಅಪ್ಪಣೆಯಾಗಲಿಲ್ಲ. 1986ರ ಮೇ ತಿಂಗಳಲ್ಲಿ ಫೈಫರವರನ್ನು ಕೂಡಿಸಿ ಎಂಟು ಮಂದಿ ಅಪರಾಧಿಗಳೆಂದು ತೀರ್ಪಾಯಿತು, ಕಾರ್ಬೆಟರು ಬಿಡುಗಡೆಯಾದರು. ಅಪರಾಧಿಗಳಾದವರನ್ನು ಸೆರೆಗೆ ಹಾಕದೆ, ನಡತೆಯ ಮೇಲ್ವಿಚಾರಣೆಯ ಷರತ್ತಿನಿಂದ ಬಿಟ್ಟರು. ಮೇಲಿನ ನ್ಯಾಯಾಲಯವು 1989ರಲ್ಲಿ ಆ ತೀರ್ಪನ್ನು ಸ್ಥಿರಪಡಿಸಿತು. ಆದರೆ ಕಾರ್ಯವು ಅಷ್ಟಕ್ಕೇ ನಿಲ್ಲಲಿಲ್ಲ. 1990ರಲ್ಲಿ ಎಲ್ ಸಾಲ್ವಡೋರಿನವರು ಕೆಲವು ಕಾಲ ದೇಶದಲ್ಲಿ ನಿರ್ಭಯವಾಗಿರಬಹುದೆಂದು ಶಾಸನಸಭೆಯೇ ಕಟ್ಟಳೆ ಮಾಡಿತು. ಅಮೇರಿಕದ ಬಾಪ್ಟಿಸ್ಟ್ ಸಭೆಗಳೂ ಬೇರೆಯವರೂ ಹೂಡಿದ್ದ ವ್ಯಾಜ್ಯದಲ್ಲಿ ಸರಕಾರವು 1991ರಲ್ಲಿ ರಾಜಿಯಾಗಿ, ತಳ್ಳಿಬಿಟ್ಟಿದ್ದ ಬೇಡಿಕೆಗಳನ್ನು ಹೊಸದಾಗಿ ವಿಚಾರಿಸಲು ಒಪ್ಪಿಕೊಂಡಿತು.

ಇಲ್ಲಿ ಒಬ್ಬನು ಹೀಗೆ ಕೇಳಬಹುದು: ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಯ ಹೆಸರಿನಲ್ಲಿ ಕಟ್ಟಳೆಯನ್ನು ಬದಿಗಿಟ್ಟರೆ ಊರು ಉಳಿದೀತೇ? ಇದು ಹಗುರಾದ ಪ್ರಶ್ನೆಯಲ್ಲ. ದೇವಭಕ್ತರೊಳಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಕಳ್ಳನು ಕಟ್ಟಳೆಯನ್ನು ಮುರಿಯುವ ರೀತಿಗೂ ಇವರ ರೀತಿಗೂ ಮೂರು ಭೇದಗಳನ್ನು ನೋಡಿರಿ. ಕಳ್ಳನು ಕತ್ತಲೆಯನ್ನು ಹುಡುಕುತ್ತಾನೆ. ಇವರು ಮುಂದಾಗಿ ಪತ್ರ ಬರೆದು ತಿಳಿಸಿದರು. ಕಳ್ಳನು ತನ್ನ ಲಾಭಕ್ಕಾಗಿ ಮಾಡುತ್ತಾನೆ. ಇವರಿಗೆ ನಷ್ಟವೇ ಹೊರತು ಲಾಭವಿರಲಿಲ್ಲ. ಕಳ್ಳನು ನ್ಯಾಯಾಲಯದಿಂದ ಓಡುತ್ತಾನೆ. ಇವರು ಅದರ ಮುಂದೆ ನಿಂತು ಅದರ ತೀರ್ಪನ್ನು ಹೊತ್ತುಕೊಂಡರು. ಇವುಗಳ ಜೊತೆಗೆ, ಕಟ್ಟಳೆಯೊಳಗಿನ ಎಲ್ಲಾ ಮಾರ್ಗಗಳನ್ನು ಅವರು ಮೊದಲು ಹುಡುಕಿದ್ದರೆಂಬದನ್ನೂ ಮರೆಯಬಾರದು. ಇಷ್ಟು ಲಕ್ಷಣಗಳಿಲ್ಲದ ಕರುಣೆಯು ಅವಸರದ ಹಟವಾಗಿರಬಹುದು; ಇವೆಲ್ಲಾ ಇದ್ದಾಗ ಅದನ್ನು ಅರಾಜಕತೆಯೆಂದು ಕರೆಯುವದು ನ್ಯಾಯವಲ್ಲ.

ಹಾಗಾದರೆ ಅಧಿಕಾರಿಯ ಕೆಲಸದಲ್ಲಿಯೇ ಇರುವ ಕ್ರೈಸ್ತನ ಗತಿಯೇನು? ಅವನು ಬೀಗದ ಕೈಯನ್ನು ಎಸೆದು ಹೋಗಬೇಕೋ? ಫಿಲಿಪ್ಪಿಯ ಸೆರೆಮನೆಯ ಯಜಮಾನನನ್ನು ನೋಡಿರಿ. ಅವನು ಪೌಲ ಸೀಲರನ್ನು ಬಿಟ್ಟುಬಿಡುವ ಅಧಿಕಾರ ತನಗುಂಟೆಂದು ಎಣಿಸಲಿಲ್ಲ. ಬಿಡುಗಡೆಯ ಅಪ್ಪಣೆ ಬಂದದ್ದು ಬೆಳಗಾದ ಮೇಲೆ. ಆದರೆ ಗಾಯಗಳನ್ನು ತೊಳೆಯುವದಕ್ಕೆ ಅವನು ಬೆಳಗಿನ ಅಪ್ಪಣೆಗಾಗಿ ಕಾಯಲಿಲ್ಲ. ಅದೇ ರಾತ್ರಿಯಲ್ಲಿ ನೀರು ತಂದನು, ಮನೆಯೊಳಗೆ ಕರಕೊಂಡು ಹೋಗಿ ಊಟಕ್ಕೆ ಬಡಿಸಿದನು. ಪೌಲನಾದರೋ ಬೆಳಿಗ್ಗೆ ಗುಪ್ತವಾಗಿ ಹೊರಟುಹೋಗಲು ಒಪ್ಪದೆ, ವಿಚಾರಣೆಯಿಲ್ಲದೆ ರೋಮಾಪುರದ ಹಕ್ಕುಳ್ಳವರನ್ನು ಹೊಡಿಸಿದಿರೆಂದು ಅಧಿಕಾರಿಗಳನ್ನೇ ಕೇಳಿದನು. ಹೀಗೆ ಒಂದೇ ಸೆರೆಮನೆಯಲ್ಲಿ ಕರುಣೆಯೂ ನಡೆಯಿತು, ಕಟ್ಟಳೆಗೂ ಅದರ ಸ್ವಂತ ಮಾತು ನೆನಪಿಗೆ ತರಲ್ಪಟ್ಟಿತು.

ಇದರಿಂದ ನಮಗೆ ದೊರೆಯುವ ನಿರ್ಣಯವೇನಂದರೆ: ಪರದೇಶಸ್ಥನು ಇರಬೇಕೋ ಹೋಗಬೇಕೋ ಎಂದು ತೀರಿಸುವ ಅಧಿಕಾರವು ಸರಕಾರಕ್ಕುಂಟು, ಅವನು ನಮ್ಮ ನೆರೆಯವನೋ ಅಲ್ಲವೋ ಎಂದು ತೀರಿಸುವ ಅಧಿಕಾರವು ಯಾವ ಸರಕಾರಕ್ಕೂ ಇಲ್ಲ. ಆ ಪ್ರಶ್ನೆಗೆ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಕರ್ತನು ಎಂದೋ ಉತ್ತರ ಕೊಟ್ಟಿದ್ದಾನೆ. ಹೊರಗೆ ಕಳುಹಿಸಲ್ಪಡಬೇಕಾದವನೂ ಹೊರಡುವ ದಿನದ ತನಕ ಮನುಷ್ಯನಾಗಿಯೇ ಇರುತ್ತಾನೆ.

ಈ ಕೆಲಸವು ದೊಡ್ಡವರದೆಂದು ಬಿಡಬೇಡಿರಿ. 2018ರಲ್ಲಿ ಅಮೇರಿಕದ ಆರೆಗನ್ ಸಂಸ್ಥಾನದ ಶೆರಿಡನ್ ಸೆರೆಮನೆಯಲ್ಲಿ 123 ಮಂದಿ ಪರದೇಶಸ್ಥರನ್ನು ಇಟ್ಟಿದ್ದರು. ಅವರೊಳಗೆ ನಮ್ಮ ಪಂಜಾಬಿನ ಸಿಖ್ಖರು ಅನೇಕರಿದ್ದರು. ಅವರಿಗೆ ಬೇಕಾಗಿದ್ದದ್ದು ಗೋಡೆಯನ್ನು ಕೆಡವುವವರಲ್ಲ. ಕಟ್ಟಳೆಯನ್ನು ತಿಳಿಸುವ ವಕೀಲನೂ, ತಮ್ಮ ಮಾತನ್ನು ತಿಳಿದು ಹೇಳುವ ದುಭಾಷಿಯೂ ಬೇಕಾಗಿದ್ದರು. ನ್ಯಾಯಾಧಿಪತಿಯ ಅಪ್ಪಣೆಯಿಂದ ವಕೀಲರಿಗೆ ಬಾಗಿಲು ತೆರೆಯಿತು. ನಮ್ಮಲ್ಲಿಯೂ ಒಬ್ಬ ಪರಸ್ಥಳದವನು ಸಿಕ್ಕಿಬಿದ್ದರೆ, ಅವನ ಹೆಸರನ್ನು ಕೇಳುವದು, ಅವನ ಮನೆಯವರಿಗೆ ಸುದ್ದಿ ಕಳುಹಿಸುವದು, ಅವನ ಭಾಷೆ ಬಲ್ಲವನನ್ನು ಕರತರುವದು, ಅವನನ್ನು ಕುರಿತು ಸಂತೆಯಲ್ಲಿ ಹಬ್ಬುವ ಸುಳ್ಳನ್ನು ನಮ್ಮ ಬಾಯಿಂದ ದಾಟಿಸದಿರುವದು, ಇವುಗಳನ್ನು ಯಾವ ಕಟ್ಟಳೆಯೂ ತಡೆಯುವದಿಲ್ಲ. ಪೋಲೀಸು ಸೆರೆಮನೆಗಳ ನೌಕರಿಯಲ್ಲಿರುವ ನಮ್ಮ ಮಕ್ಕಳಿಗೂ ಇದನ್ನು ಬರೆದು ತಿಳಿಸಿರಿ. ಪರದೇಶಕ್ಕೆ ಹೊರಡುವ ಹುಡುಗನಿಗೆ ದಲಾಳಿಯ ಮಾತನ್ನು ನಂಬಬೇಡವೆಂದು ಬುದ್ಧಿಹೇಳುವದೂ ಕರುಣೆಯ ಕೆಲಸವೇ.

ನಮ್ಮ ಕರ್ತನು ಎಳೆಯ ಕೂಸಾಗಿದ್ದಾಗ ಹೆರೋದನ ಕತ್ತಿಗೆ ತಪ್ಪಿಸಿ ಅವನನ್ನು ರಾತ್ರಿಯಲ್ಲಿ ಐಗುಪ್ತಕ್ಕೆ ಒಯ್ದರು. ಅಲ್ಲಿ ಆ ಕುಟುಂಬಕ್ಕೆ ಯಾರು ನೀರು ಕೊಟ್ಟರೋ, ಯಾರು ನೆರಳು ಕೊಟ್ಟರೋ, ಅವರ ಹೆಸರು ಎಲ್ಲಿಯೂ ಬರೆದಿಲ್ಲ. ಆದರೆ ಸೆರೆಯಲ್ಲಿಯೂ ಪರದೇಶದಲ್ಲಿಯೂ ತನ್ನನ್ನು ಕಂಡುಕೊಂಡವರು ಯಾರೆಂದು ಕಡೇ ದಿನದಲ್ಲಿ ಹೇಳುವವನಿಗೆ ಆ ಹೆಸರುಗಳು ಗೊತ್ತುಂಟು. ನಮ್ಮ ಹೆಸರುಗಳೂ ಅವುಗಳೊಂದಿಗೆ ಸಿಕ್ಕುವಂತೆ ದೇವರು ಕೃಪೆಮಾಡಲಿ.